ಏಳು ತಿಂಗಳ ಕೂಸಿನ ಹಲ್ಲು

ಈಚೆಗೆ ಪಾಂಡವಪುರದ ಪಾತ್ರೆ ಅಂಗಡಿಯಲ್ಲಿ ಒಂದು ಒಳಲೆ ಕಂಡಿತು. ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು. ಬೂಕನಕೆರೆಯಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಅಂಥದ್ದರಲ್ಲೇ ಮೊಮ್ಮಗಳನ್ನು ಉಳಿಸಿಕೊಂಡಿದ್ದರು. ಅವರದು ಬೆಳ್ಳಿಯದು ಎಂದು ನನ್ನ ನೆನಪು, ಕಂಚಿನದು ಎಂದು ನನ್ನಕ್ಕನ ವಾದ. ಅವಳದೇ ಸರಿಯಿರಬಹುದು...

ದಿನ ತುಂಬುವ ಮೊದಲೇ ಹುಟ್ಟಿದ ಆ ಮಗು ಅಂಗೈಯಗಲ ಇತ್ತಂತೆ. "ಏಳು ತಿಂಗಳ ಕೂಸು ಕಣಪ್ಪಾ" ಎಂದು ದೊಡ್ಡಮ್ಮ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಏಳಕ್ಕೆ ಹುಟ್ಟಿದ್ದು ಬದುಕುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ.

ಮಗು ಉಳಿಯಿತು. ಹಲ್ಲು ಮಾತ್ರ ತಡವಾಗಿ ಬಂದವು. ಬಂದವೂ ಕಂದುಗಟ್ಟಿ, ಗುಳಿಬಿದ್ದು, ಅಂಚು ಉದುರತೊಡಗಿದವು. ಅಗಿದರೆ ನೋವು, ಅಳು.

"ಮುದ್ದೆ ನುಂಗಾಕೆ ಅಲ್ಲು ಯಾಕಮ್ಮಿ?" ಎಂದು ದೊಡ್ಡಮ್ಮ ಅವಳನ್ನು ನಗಿಸುತ್ತಿದ್ದರು.

"ಎಲ್ಲಾನೂ ಕೀಳಿಸ್ಬುಡವ್ವ, ಅತ್ಲಾಗೆ" ಎಂದ ಅವರ ಮಗ. ಅವತ್ತು ದೊಡ್ಡಮ್ಮ ನಗಲಿಲ್ಲ.

ತೊಂಬತ್ತರ ದಶಕದ ನಡುವೆ, ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ, ದೊಡ್ಡಮ್ಮನನ್ನೂ ಮೊಮ್ಮಗಳನ್ನೂ ನಾಗಮಂಗಲದ ಕಡೆಯ ಆಸ್ಪತ್ರೆಗೆ ಕರೆದೊಯ್ದೆ. ಅಥವಾ ಅವರೇ ನನ್ನನ್ನು ಹೊರಡಿಸಿದರೋ...

ಹಲ್ಲಿನ ಡಾಕ್ಟರಮ್ಮ, "ಎಷ್ಟು ತಿಂಗಳಿಗೆ ಹುಟ್ಟಿದ್ದು?" ಎಂದರು. ದೊಡ್ಡಮ್ಮ ಮೊಮ್ಮಗಳ ಎರಡೂ ಕಿವಿ ಮುಚ್ಚಿದರು.

"ಎಂಟು ಕಣವ್ವಾ. ಏಳು ಅಂತ್ಲೇ ಏಳ್ಕೊಂಡು ಬಂದಿವ್ನಿ. ಎಂಟು ಅಂದ್ರೆ ಎಲ್ಲಿ ಸಾವು ಕಿತ್ಕೊಂಡು ಓಯ್ತದೋ ಅಂತ ಭಯ."

ಡಾಕ್ಟರಮ್ಮ ನಕ್ಕುಬಿಟ್ಟರು. "ಅಲ್ಲಜ್ಜೀ, ಎಂಟೇ ಒಳ್ಳೇದಲ್ವಾ? ಇನ್ನೊಂದು ತಿಂಗಳು ಹೊಟ್ಟೇಲೇ ಬೆಳೀತು."

ದೊಡ್ಡಮ್ಮನ ಕೈ ಮೆಲ್ಲಗೆ ಕೆಳಗಿಳಿಯಿತು.

ಬೇಗ ಹುಟ್ಟಿದ, ತೂಕ ಕಡಿಮೆಯಿದ್ದ ಮಕ್ಕಳಲ್ಲಿ ಕೆಲವರಿಗೆ ಹಲ್ಲಿನ ಹೊರಪದರ ತೆಳುವಾಗಿರುತ್ತದೆ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ವಿವರಿಸಿದರು. ಕೀಳುವುದು ಬೇಡ, ಗುಳಿ ತುಂಬೋಣ. ಮಲಗುವಾಗ ಸಿಹಿ ಕೊಡಬೇಡಿ, ದಿನಾ ಉಜ್ಜಿಸಿ. ಹಾಲುಹಲ್ಲು ಬಿದ್ದ ಮೇಲೆ ಬರುವ ಹಲ್ಲು ಇದಕ್ಕಿಂತ ಚೆನ್ನಾಗಿರಬಹುದು, ಮಾತು ಮಾತ್ರ ಕೊಡಲಾರೆ ಎಂದರು.

ಆಮೇಲೆ ದಿನವೂ ಸಂಜೆ ಅವರ ಜಗಲಿಯಿಂದ ಒಂದೇ ರಾಗ: "ನೆಟ್ಟಗೆ ಉಜ್ಜಮ್ಮಿ! ಒಸಬ್ರು ಬರೋ ಮನೆ ಅದು."

ಹೊಸಬರು ಬಂದರು. ಮೊದಲು ಬಂದ ಹೊಸ ಹಲ್ಲಿನಲ್ಲಿ ಸಣ್ಣ ಬಿಳಿ ಮಚ್ಚೆ. ಆದರೆ ಗಟ್ಟಿ, ನುಣುಪು. ದೊಡ್ಡಮ್ಮ ಮೊಮ್ಮಗಳ ತುಟಿ ಎತ್ತಿ ಹಿಡಿದು ಬೀದಿಗೆಲ್ಲ ಕೇಳುವಂತೆ ಕೂಗಿದರು: "ನೋಡ್ರಲಾ, ಎಂಟು ತಿಂಗಳ ಕೂಸಿನ ಅಲ್ಲು!"

ಆ ಕೂಗನ್ನು ನಾನೇ ಕೇಳಿದೆನೋ, ಅಕ್ಕ ಹೇಳಿದ್ದನ್ನು ನನ್ನದಾಗಿಸಿಕೊಂಡೆನೋ... ವಿಚಾರಿಸೋಣವೆಂದರೆ ದೊಡ್ಡಮ್ಮ ಇಲ್ಲ. ಮೊಮ್ಮಗಳಿಗೂ ಅದು ನೆನಪಿಲ್ಲ. ಆದರೆ ತಾನು ಎಂಟು ತಿಂಗಳಿಗೇ ಹುಟ್ಟಿದವಳೆಂದು ಅವಳು ಯಾರ ಮುಂದೆಯಾದರೂ ನಗುತ್ತಲೇ ಹೇಳುತ್ತಾಳೆ.