ಕೋಲು ಹಿಡಿಯುವ ಕೆಲಸ

ಎಂಬತ್ತರ ದಶಕದಲ್ಲಿ ಓಕ್ಲ್ಯಾಂಡಿನ ಬಿಷಪ್ ಆಫೀಸಿನಲ್ಲಿ ನಾನು ಟೈಪಿಸ್ಟು, ನನ್ನ ಚಿಕ್ಕಪ್ಪನ ಮಗ ಡ್ರೈವರು. ಮೈಸೂರಿನಲ್ಲಿ ಇಬ್ಬರೂ ಒಂದೇ ಚರ್ಚಿನ ಒಂದೇ ಬೆಂಚಿನಲ್ಲಿ ತೂಕಡಿಸಿ ಬೆಳೆದವರು. ಆದರೂ ಭಾನುವಾರ ಬಿಷಪ್ಪರ ಕೋಲು ಹಿಡಿಯುವ ಭಾಗ್ಯ ಅವನೊಬ್ಬನಿಗೆ. ಕುರಿ ಕಾಯುವವನ ಕೋಲಿನಂತೆ ತುದಿ ಬಾಗಿದ್ದು, ಬೆಳ್ಳಿ ಕಟ್ಟಿದ್ದು. ಅವರು ಕೈ ಚಾಚಿದಾಗ ಕೊಡಬೇಕು, ಪ್ರಾರ್ಥನೆಗೆ ಕೈ ಜೋಡಿಸಿದಾಗ ವಾಪಸು ತೆಗೆದುಕೊಳ್ಳಬೇಕು. ಅಷ್ಟಕ್ಕೇ ನನ್ನ ಹೊಟ್ಟೆ ವಾರವಿಡೀ ಉರಿಯುತ್ತಿತ್ತು.

"ಏನೋ ಕೋಲೆ ಬಸವ, ಈ ವಾರ ಎಲ್ಲಿ ಮೆರವಣಿಗೆ?"

"ಹೇವರ್ಡ್ ಊರಿನ ಚರ್ಚಲ್ಲಿ. ಕೋಲು ಗೀಲು ಅನ್ಬೇಡ, ದಂಡ ಅನ್ನು."

"ದಂಡ ನೀನೇ ಅಲ್ವೇನೋ."

ನಮ್ಮವರು ಬಿಷಪ್ಪೇ, ಆದರೆ ದೊಡ್ಡ ಬಿಷಪ್ ಅಲ್ಲ. ದೊಡ್ಡವರ ಪೀಠ ಕೊಲ್ಲಿಯ ಸೇತುವೆಯಾಚೆಯ ಊರಿನಲ್ಲಿ. ಒಬ್ಬರಿಂದ ಎಲ್ಲ ಚರ್ಚುಗಳನ್ನೂ ಸುತ್ತಲಾಗದೆಂದು, ಇಂಗ್ಲೆಂಡಿನಿಂದ ಬಂದ ಹಳೆಯ ಪದ್ಧತಿಯಂತೆ, ಈಚೆ ದಡಕ್ಕೆ ಇವರನ್ನು ಇಟ್ಟಿದ್ದರು. ಮಕ್ಕಳ ತಲೆಯ ಮೇಲೆ ಕೈಯಿಟ್ಟು ಕೊಡುವ ದೃಢೀಕರಣ, ಪಾದ್ರಿಗಳ ಮನಸ್ತಾಪ, ಸೋರುವ ಚಾವಣಿ ಎಲ್ಲ ಇವರ ತಲೆಗೆ. ಕೊನೆಯ ಮಾತು ಮಾತ್ರ ದೊಡ್ಡವರದು. ದೊಡ್ಡವರು ನಿವೃತ್ತರಾದರೂ ಪೀಠ ತಾನಾಗಿ ಇವರಿಗೆ ಬರದು, ಚುನಾವಣೆ ನಡೆಯಬೇಕು. ಚರ್ಚುಗಳಿಗೆ ಹಂಚುವ ಕರಪತ್ರದಲ್ಲಿ ಇದನ್ನೆಲ್ಲ ಟೈಪ್ ಮಾಡಿದವನು ನಾನೇ. ಅರ್ಥ ಮಾಡಿಕೊಂಡಿರಲಿಲ್ಲ, ಅಷ್ಟೇ.

ಒಂದು ಭಾನುವಾರ ದೊಡ್ಡವರೇ ಈಚೆಯ ಒಂದು ಚರ್ಚಿಗೆ ಬಂದರು. ಅವರಿದ್ದಾಗ ಅವರ ಕೋಲೊಂದೇ. ನಮ್ಮವರದು ಆಫೀಸಿನ ಬೀರುವಿನಲ್ಲೇ ಉಳಿಯಿತು. ಬರಿಗೈಯಲ್ಲಿ ನಿಂತಿದ್ದ ಚಿಕ್ಕಪ್ಪನ ಮಗನ ಪಕ್ಕಕ್ಕೆ ಸರಿದು, "ಏನ್ ಬಸವಣ್ಣ, ಇವತ್ತು ರಜಾನಾ?" ಎಂದೆ. ನನಗೆ ಹಬ್ಬ. ಅವನು ಕಣ್ಣಿನಲ್ಲೇ ಮುಂದೆ ತೋರಿಸಿದ.

ನಮ್ಮ ಬಿಷಪ್ಪರಿಗೆ ಬಲಗೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಬೆನ್ನ ಹಿಂದೆ ಇಟ್ಟರು, ಆಮೇಲೆ ನಿಲುವಂಗಿಯ ತೋಳಿನೊಳಗೆ ಸೇರಿಸಿದರು. ಕಣ್ಣು ಮಾತ್ರ ಆ ಇನ್ನೊಂದು ಕೋಲಿನ ಮೇಲೆ. ಆ ನೋಟದ ಗುರುತು ನನಗೆ ಚೆನ್ನಾಗಿತ್ತು. ಪ್ರತಿ ಭಾನುವಾರ ಅದು ನನ್ನ ಮುಖದ ಮೇಲೇ ಇರುತ್ತಿತ್ತಲ್ಲ.

ವಾಪಸು ಬರುವಾಗ ಫ್ರೀವೇಯಲ್ಲಿ ಬಿಷಪ್ಪರು ಹಿಂದಿನ ಸೀಟಿನಿಂದ, ಡ್ರೈವರ್ ಪಕ್ಕ ಕೂತಿದ್ದ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು: "ನೀನು ಎಲ್ಲರ ದನಿ ಅಣಕಿಸಿ ಮಾತಾಡ್ತೀಯಂತೆ. ನನ್ನದೂ."

"ನಿಮ್ಮದು ಕಷ್ಟ ಸಾರ್, ಬರಲ್ಲ," ಎಂದು ಸುಳ್ಳು ಹೇಳಿದೆ.

"ದೊಡ್ಡವರದು?"

ಗಂಟಲು ಭಾರ ಮಾಡಿಕೊಂಡು ಎರಡು ಸಾಲು ಆಶೀರ್ವಾದ ಹೇಳಿದೆ. ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಇನ್ನೊಂದು ಸಲ," ಎಂದರು. ಈ ಸಲ ನಗಲಿಲ್ಲ. ಕಿಟಕಿಯಾಚೆ ನೋಡುತ್ತ ಕೊನೆತನಕ ಕೇಳಿಸಿಕೊಂಡರು.

ಇಷ್ಟಾದ ಮೇಲೆ ಕೋಲು ನನ್ನದೇ ಎಂದುಕೊಂಡೆ. ಮುಂದಿನ ಭಾನುವಾರ ಅವರ ಕೈ ಮತ್ತೆ ಚಿಕ್ಕಪ್ಪನ ಮಗನತ್ತಲೇ ಚಾಚಿತು. ನನಗೆ ಕೊಟ್ಟಿದ್ದು ಅವರ ಟೋಪಿಯ ಪೆಟ್ಟಿಗೆ. ಟೋಪಿ ಅವರ ತಲೆಯ ಮೇಲಿತ್ತು.