ಬೂಬಣ್ಣನ ಮೈಮೇಲೆ ಬಂದದ್ದು

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ರಘುಪತಿ ಶೆಟ್ಟರ ಹೋಟೆಲು. ಅಲ್ಲಿ ದೋಸೆ ಕಾವಲಿಯ ಯಜಮಾನ ಕಾಪು ಕಡೆಯ ಬೂಬಣ್ಣ. ಅವನ ಕೈ ಹಿಟ್ಟು ಹರಡುತ್ತಿದ್ದರೆ ಬಾಯಿ ಗಿರಾಕಿಗಳನ್ನು ಬಯ್ಯುತ್ತಿತ್ತು. ಆ ಬಯ್ಗುಳಕ್ಕೆಂದೇ ಕಲ್ಯಾಣದಿಂದ ಬರುವವರಿದ್ದರು.

2012ರ ಮಳೆಗಾಲದ ಒಂದು ಬೆಳಿಗ್ಗೆ ಬೂಬಣ್ಣ ಬಲ ಮಗ್ಗುಲಿಗೆ ಹೊರಳಿದ್ದೇ ತಡ, ಚಾಳಿನ ಮಾಡು ಗಿರಗಿರ ತಿರುಗಿತು. ಕಾವಲಿಯ ಮುಂದೆ ತಲೆಯೆತ್ತಿದಾಗ ಮತ್ತೆ ಅದೇ. ಅರೆಬೆಂದ ದೋಸೆ ಗಿರಾಕಿಯ ತೊಡೆಯ ಮೇಲೆ.

"ಬೆಳಿಗ್ಗೆಯೇ ಹಾಕಿದ್ದಾ ಮಾರಾಯ?" ಎಂದರು ಶೆಟ್ಟರು. "ಇನ್ನೊಂದ್ಸಲ ಹೀಗಾದ್ರೆ ಕಾವಲಿ ಬಿಟ್ಟು ಕಪ್ ತೊಳೀಲಿಕ್ಕೆ ಹೋಗು."

ಬೂಬಣ್ಣ ಸಟ್ಟುಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಹೆಂಡತಿಯನ್ನಾದರೂ ಬಿಟ್ಟಾನು, ಕಾವಲಿ ಬಿಡುವ ಜನ ಅಲ್ಲ.

ಆ ಶನಿವಾರ ನಮ್ಮ ಊರ ಕಡೆಯವರ ಸಂಘದ ಸಭಾಂಗಣದಲ್ಲಿ ಶನಿಪೂಜೆ. ಆರತಿ ಮೇಲೇರಿತು, ಬೂಬಣ್ಣ ಕತ್ತೆತ್ತಿದ, ಲೋಕ ತಿರುಗಿತು. ಆರತಿಯ ಹೊತ್ತಿಗೆ ತೂರಾಡುವವನನ್ನು ನಮ್ಮಲ್ಲಿ ಕುಡುಕನೆನ್ನುವುದಿಲ್ಲ, ಮೈಮೇಲೆ ದೈವ ಬಂತೆನ್ನುತ್ತಾರೆ. ಯಾರೋ ಅವನ ಕೈಗೆ, ದೈವ ಬಂದವರು ಹಿಡಿಯುವ ಅಡಿಕೆಯ ಹಿಂಗಾರದ ಹೂ ತುರುಕಿದರು. ಶೆಟ್ಟರು ಕೈಮುಗಿದು, "ಉಲ್ಹಾಸನಗರದಲ್ಲಿ ಇನ್ನೊಂದು ಹೋಟೆಲು ತೆಗೀಬಹುದಾ?" ಎಂದು ಕೇಳಿದರು.

ಬೂಬಣ್ಣ ಶೆಟ್ಟರ ಪಾದದ ಮೇಲೆ ವಾಂತಿ ಮಾಡಿದ. ಹೋಟೆಲು ಬೇಡವೆಂದು ಸಭೆ ಅರ್ಥಮಾಡಿಕೊಂಡಿತು.

ಮರುದಿನದಿಂದ ಅವನಿಗೆ ಶೆಟ್ಟರ ದುಡ್ಡಿನ ಗಲ್ಲೆಯ ಪಕ್ಕ ಕುರ್ಚಿ, ಹಣೆಗೆ ಗಂಧ. ದೈವ ಬರುವವರು ಈರುಳ್ಳಿ ಮುಟ್ಟಬಾರದಂತೆ, ಹಾಗಾಗಿ ಕಾವಲಿಯ ಹತ್ತಿರವೂ ಸುಳಿಯುವಂತಿಲ್ಲ. ದಿವಾ ಸ್ಟೇಷನ್ನಿನ ಕಡೆಯಿಂದೆಲ್ಲ ಜನ ಬಂದು ಮಗಳ ಮದುವೆ, ಫ್ಲಾಟಿನ ಕೀಲಿಕೈ ಯಾವಾಗ ಎಂದು ಕೇಳತೊಡಗಿದರು. ಅತ್ತ ಕಾವಲಿಯ ಮೇಲೆ ಹೊಸಬನೊಬ್ಬ ಕಂಬಳಿಯಂಥ ದೋಸೆ ಹೊಯ್ಯುತ್ತಿದ್ದ. ನೋಡಿ ನೋಡಿ ಬೂಬಣ್ಣನ ಹೊಟ್ಟೆ ಉರಿಯಿತು.

"ದೈವವಾದ್ರೆ ಬಲ ಮಗ್ಗುಲಿಗೆ ಹೊರಳಿದಾಗ, ತಲೆ ಎತ್ತಿದಾಗ ಮಾತ್ರ ಯಾಕೆ ಬರ್ತದೆ? ಏಳಿ" ಎಂದು ಹೆಂಡತಿ ನಳಿನಾಕ್ಷಿ ಅವನನ್ನು ನೆರೂಳಿನ ಆಸ್ಪತ್ರೆಗೆ ಎಳೆದೊಯ್ದಳು. ಅಲ್ಲಿ ಕಿವಿಯ ಡಾಕ್ಟರು, ಮೈಸೂರಿನ ಸ್ಪಂದನಾ. ಅವರು ಬೂಬಣ್ಣನನ್ನು ಮಲಗಿಸಿ, ತಲೆಯನ್ನು ಮಂಚದಾಚೆ ಇಳಿಬಿಟ್ಟು, ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ, ಕೊನೆಗೆ ಮೈಯನ್ನೇ ಹೊರಳಿಸಿ ಎಬ್ಬಿಸಿದರು.

"ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ಬಿಟ್ಟಿದ್ವು. ವಾಪಸ್ ಸೇರಿಸಿದೀನಿ, ಅಷ್ಟೇ."

"ಮಗುಚಿ ಹಾಕ್ಲಿಕ್ಕೆ ಇಷ್ಟು ಓದಬೇಕಾ ಡಾಕ್ಟ್ರೇ? ನಾನು ದಿನಾ ಮಾಡ್ತೇನೆ" ಎಂದ ಬೂಬಣ್ಣ. ತಲೆ ಮಾತ್ರ ಕಲ್ಲಿನಂತೆ ನಿಂತಿತ್ತು.

ಹೋಟೆಲಿಗೆ ಬಂದು ಹೇಳಿದರೆ ಶೆಟ್ಟರು ಸುತ್ತಮುತ್ತ ನೋಡಿದರು. "ಮೆಲ್ಲ ಮಾತಾಡು. ಕಿವಿ ಗಿವಿ ಅನ್ನಬೇಡ. ಜನ ಬರ್ತಾ ಇದ್ದಾರಲ್ಲ, ಕೂತ್ಕೋ."

ಮುಂದಿನ ಶನಿವಾರ ಮತ್ತೆ ಪೂಜೆ, ಸಭಾಂಗಣದ ತುಂಬ ಜನ. ಆರತಿ ಏರಿತು. ಬೂಬಣ್ಣ ಕತ್ತು ಎತ್ತಿ, ಇಳಿಸಿ, ಆಚೀಚೆ ಆಡಿಸಿ ನೋಡಿದ. ಏನೂ ತಿರುಗಲಿಲ್ಲ. ಆಗ ಕಣ್ಣು ಮುಚ್ಚಿ ಗಡಗಡ ನಡುಗತೊಡಗಿದ.

"ಈ ಮಗನನ್ನು ಕಾವಲಿಗೆ ನಿಲ್ಲಿಸು. ಇನ್ನು ನಾನು ಇವನ ಮೈಮೇಲೆ ಬರುವವನಲ್ಲ."

"ಅಪ್ಪಣೆ" ಎಂದು ಶೆಟ್ಟರು ಪಾದ ಹಿಂದೆಳೆದುಕೊಂಡೇ ಕೈಮುಗಿದರು. "ಯಾವಾಗಿಂದ ಸ್ವಾಮೀ?"

"ನಾಳೆ ಬೆಳಿಗ್ಗೆಯಿಂದ."

ಮನೆಯ ದಾರಿಯಲ್ಲಿ ನಳಿನಾಕ್ಷಿ ಸೆರಗಿನಿಂದ ನಗು ಒರೆಸಿಕೊಂಡಳು. "ಸಂಬಳದ್ದೂ ಒಂದು ಮಾತು ಹೇಳಿಸಬಹುದಿತ್ತು ನೀವು."

"ಸುಮ್ಮನಿರು ಮಾರಾಯ್ತಿ," ಎಂದ ಬೂಬಣ್ಣ, "ದೈವಕ್ಕೂ ಒಂದು ಮರ್ಯಾದೆ ಬೇಡವಾ?"