ಚೀಲದಲ್ಲೇ ಉಳಿದ ತೆಂಗಿನಕಾಯಿ

ಅದು 1962ರ ಬೇಸಿಗೆ. ನಾನು ದಾಂಡೇಲಿಯಲ್ಲಿ ಶಾಲಾ ಮಾಸ್ತರನಾಗಿದ್ದೆ. ಜೊತೆಗೆ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಊರಿನ ಸುದ್ದಿ ಬರೆದು ಕಳಿಸುತ್ತಿದ್ದೆ.

ಕುಳಗಿ ಕಾಡಿನಲ್ಲಿ ಮರ ಕಡಿಯುವ ತಂಡವೊಂದಕ್ಕೆ ಧಾರವಾಡ ಕಡೆಯ ಬಸಪ್ಪ ಮುಂದಾಳು. ಹೊಸ ಜಾಗದಲ್ಲಿ ಮೊದಲ ಮರಕ್ಕೆ ಕೊಡಲಿ ಹಾಕುವ ಮುನ್ನ ಅದರ ಬುಡಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುವುದು ಅವರ ಪದ್ಧತಿ. ಒಡೆಯಬೇಕಾದವನು ಮುಂದಾಳು. ಆ ದಿನ ಲಾರಿ ಬೇಗ ಬಂದ ಗಡಿಬಿಡಿಯಲ್ಲಿ ಬಸಪ್ಪ ಮರೆತ. ಮಧ್ಯಾಹ್ನ ದಿಮ್ಮಿ ಉರುಳಿ ಅವನ ಎಡಪಾದ ಜಜ್ಜಿಹೋಯಿತು. ಕಾಯಿ ಚೀಲದಲ್ಲೇ ಇತ್ತು.

ನಾನು ಎಂಟು ಸಾಲಿನ ಸುದ್ದಿ ಕಳಿಸಿದೆ. ಕೊನೆಯ ಸಾಲಿನಲ್ಲಿ, ಪೂಜೆ ತಪ್ಪಿದ್ದಕ್ಕೆ ವನದೇವತೆ ಮುನಿದಳೆಂದು ಜನ ಆಡಿಕೊಳ್ಳುತ್ತಿದ್ದಾರೆ ಎಂದು ಬರೆದೆ. ಜನ ಆಡಿಕೊಂಡದ್ದು ನಿಜವೇ ಆಗಿತ್ತು.

ವಾರದ ನಂತರ ಬಸಪ್ಪನ ಹೆಂಡತಿ ನೀಲವ್ವ ಶಾಲೆಗೇ ಬಂದಳು. ಗಾಯ ಕೀವಾಗಿತ್ತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯದಿದ್ದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಬಸಪ್ಪ ಒಪ್ಪುತ್ತಿರಲಿಲ್ಲ. ದೇವರು ಕೊಟ್ಟ ಶಿಕ್ಷೆಯನ್ನು ಔಷಧದಿಂದ ತಪ್ಪಿಸಿಕೊಂಡರೆ ಅದು ಮಕ್ಕಳ ಮೇಲೆ ಬರುತ್ತದೆ ಅನ್ನುತ್ತಿದ್ದನಂತೆ.

“ಬರೇ ಮಂದಿ ಅಂದಿದ್ರ ಇವ್ರು ಕೇಳಿ ಬಿಟ್ಟುಬಿಡ್ತಿದ್ರು ಮಾಸ್ತರ್ರ. ಪೇಪರಿನ್ಯಾಗ ಬಂದೈತಿ ಅಂತ ತಲಿದಿಂಬಿನ ಬುಡಕ ಇಟಗೊಂಡಾರ,” ಅಂದಳು.

ಅಂದೇ ಅವರ ಮನೆಗೆ ಹೋಗಿ, ಇದು ಶಿಕ್ಷೆಯಲ್ಲ, ಆಸ್ಪತ್ರೆಗೆ ಹೋಗು ಎಂದು ತಿಳಿಸಿ ಹೇಳಿದೆ. “ಬರದಾವ್ರು ನೀವ ಅಲ್ರಿ?” ಎಂದು ಬಸಪ್ಪ ಗೋಡೆಯ ಕಡೆ ಮಗ್ಗಲು ಬದಲಿಸಿದ.

ಸ್ಟೇಷನ್ನಿನಲ್ಲಿ ದಿಮ್ಮಿಗಳನ್ನು ವ್ಯಾಗನ್ನಿಗೆ ಏರಿಸುವ ಕಡೆ ಬೆಂಜಮಿನ್ ಮಾಮಾ ಎಂಬ ಹಿರಿಯ ಗುಮಾಸ್ತರಿದ್ದರು. ಕೊಂಕಣ ಕಡೆಯ ಯೆಹೂದಿ, ಮನೆಮಾತು ಮರಾಠಿ. ಧರ್ಮದ ಕಟ್ಟಳೆಯಂತೆ ಶನಿವಾರ ಮನೆಯಲ್ಲಿ ಒಲೆ ಹೊತ್ತಿಸದ ಕಾರಣ ಊರಿಗೆಲ್ಲ ಶನಿವಾರದ ಮಾಮಾ. ಬಸಪ್ಪನಿಗೆ ಅವರೊಂದಿಗೆ ಸಲಿಗೆಯಿತ್ತು. ಮರುದಿನ ಅವರನ್ನು ಕರೆದೊಯ್ದೆ.

ಮಾಮಾ ಹಾಸಿಗೆಯ ಪಕ್ಕ ಬರಿ ನೆಲದ ಮೇಲೆ ಕುಳಿತರು. ಅರ್ಧ ತಾಸು ಕಳೆದರೂ ಒಂದು ಮಾತಿಲ್ಲ. ಕೊನೆಗೆ ಬಸಪ್ಪನೇ, ನೀವೂ ಬುದ್ಧಿ ಹೇಳಾಕ ಬಂದೀರೇನು ಎಂದು ಕೇಳಿದ.

“ಇಲ್ಲೋ. ನಮ್ಮಲ್ಲಿ ದುಃಖದಾಗ ಇದ್ದಾಂವ ಮೊದಲ ಮಾತಾಡಬೇಕು. ಅಲ್ಲೀತನಕ ಬಂದಾಂವ ಬಾಯಿ ತೆರಿಯೂ ಹಂಗಿಲ್ಲ. ನಿನ್ನ ದಾರಿ ಕಾಯ್ಕೋತ ನನ್ನ ಮೊಣಕಾಲ ಹಿಡದು ಹೋತು.”

ಬಸಪ್ಪ ನಕ್ಕುಬಿಟ್ಟ. ಆಗ ಮಾಮಾ ತಮ್ಮ ಧರ್ಮಗ್ರಂಥದ ಒಂದು ಕಥೆ ಹೇಳಿದರು. ಪಾಪವನ್ನೇ ಅರಿಯದ ಒಬ್ಬ ಮನುಷ್ಯ ದನ, ಮನೆ, ಮಕ್ಕಳನ್ನು ಕಳೆದುಕೊಂಡು ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತ. ಗೆಳೆಯರು ಬಂದು ಏಳು ದಿನ ಸುಮ್ಮನೆ ಕುಳಿತರು. ಆಮೇಲೆ ಬಾಯಿ ಬಿಟ್ಟು, ನೀನು ಏನೋ ಪಾಪ ಮಾಡಿರಬೇಕು ಎಂದರು. ಅವನು ಒಪ್ಪಲಿಲ್ಲ. ಕಡೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಅದೇ ಗ್ರಂಥದಲ್ಲಿ ಪಾಪಕ್ಕೆ ಶಿಕ್ಷೆಯಾದ ಕಥೆಗಳೂ ಇವೆ ಎಂಬುದನ್ನು ಮಾಮಾ ಮುಚ್ಚಿಡಲಿಲ್ಲ. ಆದರೆ ಎಲ್ಲ ನೋವೂ ಶಿಕ್ಷೆಯಲ್ಲ ಎಂದರು.

“ಹಂಗಾರ ಅವಂಗ ಯಾಕ ಬಂತು ಮಾಮಾ?”

“ಅದನ್ನ ದೇವರು ಅವಂಗೂ ಹೇಳಲಿಲ್ಲ. ದೇವರೇ ಹೇಳದ ಬಿಟ್ಟಿದ್ದನ್ನ ಈ ಮಾಸ್ತರ ಪೇಪರಿನ್ಯಾಗ ಬರದಾನ.”

ನಾನು ತಲೆ ತಗ್ಗಿಸಿದೆ. ಆ ಗೆಳೆಯರು ಏನಾದರು ಎಂದು ಬಸಪ್ಪ ಕೇಳಿದ. ಅವರ ಸಲುವಾಗಿ ಆ ಹುಣ್ಣಿನವನೇ ಬೇಡಿಕೊಳ್ಳಬೇಕಾಯಿತು, ಆಮೇಲೆ ದೇವರು ಅವರನ್ನು ಕ್ಷಮಿಸಿದ ಎಂದರು ಮಾಮಾ. ಬಸಪ್ಪ ದಿಂಬಿನ ಕೆಳಗಿನ ಪೇಪರು ತೆಗೆದು ನೀಲವ್ವನ ಕೈಗಿಟ್ಟು, ನಾಳಿನ ರೈಲು ಎಷ್ಟು ಗಂಟೆಗೆ ಎಂದು ಕೇಳಿದ.

ಹುಬ್ಬಳ್ಳಿಯಲ್ಲಿ ಎರಡು ಕಾಲ್ಬೆರಳು ಹೋದವು. ಪಾದ ಉಳಿಯಿತು.

ಆಮೇಲೆ ನಾನು ಎಷ್ಟೋ ಅಪಘಾತಗಳ ಸುದ್ದಿ ಬರೆದೆ. ಏನಾಯಿತು, ಎಲ್ಲಿ, ಯಾರಿಗೆ ಎಂಬಲ್ಲಿಗೆ ನಿಲ್ಲಿಸುತ್ತಿದ್ದೆ. ಯಾಕೆ ಎಂಬುದು ಖಚಿತವಾಗಿ ತಿಳಿಯದಿದ್ದರೆ ಆ ಸಾಲು ಬರೆಯಲಿಲ್ಲ.

ಮಳೆಗಾಲ ಮುಗಿದು ಬಸಪ್ಪ ಕೆಲಸಕ್ಕೆ ಮರಳಿದ ದಿನ ನನ್ನನ್ನೂ ಕುಳಗಿಗೆ ಕರೆದಿದ್ದ. ಕುಂಟುತ್ತ ಹೋಗಿ ಮೊದಲ ಮರದ ಬುಡದಲ್ಲಿ ಕಾಯಿ ಒಡೆದು, ಒಂದು ಹೋಳು ನನ್ನ ಕೈಗಿಟ್ಟ.

“ತಿನ್ರಿ ಮಾಸ್ತರ್ರ,” ಅಂದ. “ನಿಮ್ಮ ಸಲುವಾಗಿನೂ ಬೇಡಿಕೊಂಡೇನಿ.”